ಫೋಟೋದಲ್ಲಿರುವ ಮಹಾಶಯ ಯಾರು?

ಹಳೆಯ ರೇಸ್ ಕಾರಿನ ಫೋಟೋ ನೋಡಿ ಚಾಲಕನ ಹೆಸರು ಹೇಳುವುದು ಹುಡುಗಾಟವಲ್ಲ ಸ್ವಾಮಿ. ಕಣ್ಣಿಗೆ ದಪ್ಪ ಕನ್ನಡಕ, ಕನ್ನಡಕದ ಮೇಲೆ ಧೂಳು, ತಲೆಗೆ ಬಿಗಿದ ಟೋಪಿ. ಹೆತ್ತ ತಾಯಿಗೂ ಗುರುತು ಸಿಕ್ಕಲಾರದು. ಹಾಗಾಗಿ ಕಾರನ್ನೇ ವಿಚಾರಿಸಿಕೊಳ್ಳಬೇಕು. ಮೂತಿ ಕುದುರೆಲಾಳದ ಹಾಗಿದ್ದು, ಚಕ್ರಕ್ಕೆ ಅಗಲವಾದ ಎಂಟು ಅಲ್ಯೂಮಿನಿಯಂ ಕಡ್ಡಿಗಳಿದ್ದರೆ ಧೈರ್ಯವಾಗಿ ಬುಗಾಟಿ ಕಾರು ಎನ್ನಿ.

ಬಣ್ಣದಿಂದ ದೇಶ ಹೇಳೋಣವೇ? ಆಗ ಫ್ರಾನ್ಸಿಗೆ ನೀಲಿ, ಇಟಲಿಗೆ ಕೆಂಪು, ಬ್ರಿಟನ್ನಿಗೆ ಹಸಿರು. ಆದರೆ ಕಪ್ಪು-ಬಿಳುಪು ಫೋಟೋದಲ್ಲಿ ಎಲ್ಲರದೂ ಬೂದಿ ಬಣ್ಣವೇ! 1929ರ ಮೊದಲ ಮೊನಾಕೊ ಗ್ರ್ಯಾನ್ ಪ್ರಿ ನೋಡಿ. ಗೆದ್ದದ್ದು ಫ್ರಾನ್ಸಿನ ಬುಗಾಟಿ, ಬಳಿದದ್ದು ಬ್ರಿಟನ್ನಿನ ಹಸಿರು, ನಂಬರು 12, ಚಾಲಕನ ಹೆಸರು ಬರೀ 'ವಿಲಿಯಮ್ಸ್'. ಪೂರ್ತಿ ಹೆಸರು ವಿಲಿಯಂ ಗ್ರೋವರ್-ವಿಲಿಯಮ್ಸ್. ಈತ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಗೂಢಚಾರನಾದ. ಗುರುತು ಮರೆಸುವ ಅಭ್ಯಾಸ ಮೊದಲೇ ಆಗಿತ್ತೆನ್ನಿ.

ಇಟಲಿಯ ರೇಸ್ ಚಾಲಕ ನೂವೊಲಾರಿಯಂಥವರು ಪುಣ್ಯಾತ್ಮರು. ಕವಿ ದನ್ನುನ್ಸಿಯೊ 1932ರಲ್ಲಿ ಕೊಟ್ಟ ಚಿನ್ನದ ಆಮೆಯನ್ನು ಆತ ಎದೆಗೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದ. ಆಮೆ ಕಂಡರೆ ಸಾಕು, ಹೆಸರು ತಾನಾಗಿ ಬಾಯಿಗೆ ಬರುತ್ತದೆ.

ಬುಗಾಟಿ ಹಾಗಿರಲಿ, ನಿಮ್ಮ ಮನೆಯ ಮದುವೆ ಫೋಟೋಗಳ ಹಿಂದಾದರೂ ದಯವಿಟ್ಟು ಹೆಸರು, ಇಸವಿ ಬರೆದಿಡಿ.