ರಾಜೀನಾಮೆ ಮೀಮಾಂಸೆ

ಅಧಿಕಾರತ್ಯಾಗವೆಂಬ ಬಹುಆಯಾಮಿ ವಿದ್ಯಮಾನವನ್ನು ಅದರ ಸಾಂಸ್ಕೃತಿಕ, ಸಾಂವಿಧಾನಿಕ ಹಾಗೂ ರೆಸಾರ್ಟೀಯ ಪರಿಪ್ರೇಕ್ಷ್ಯಗಳಲ್ಲಿ ಮುಖಾಮುಖಿಯಾಗಿಸಿ, ತನ್ಮೂಲಕ ಅದರ ತಾತ್ವಿಕ ನೆಲೆಗಟ್ಟನ್ನು ಅನುಸಂಧಾನಕ್ಕೊಳಪಡಿಸುವ ಗಂಭೀರ ಪ್ರಯತ್ನ ಕನ್ನಡದಲ್ಲಿ ಈವರೆಗೆ ನಡೆದಿಲ್ಲ. ನಡೆಯದೆ ಇದ್ದುದರಿಂದ ನಾಡಿಗೆ ನಷ್ಟವೇನೂ ಆಗಿಲ್ಲ. ಆದರೂ ಪ್ರಬಂಧವೆಂದ ಮೇಲೆ ಯಾವುದಾದರೊಂದು ಕೊರತೆಯನ್ನು ನೀಗಿಸಲೇಬೇಕು ಎಂಬುದು ಮಾರ್ಗದರ್ಶಕರ ಅಪ್ಪಣೆ. ಅಧ್ಯಯನದ ವ್ಯಾಪ್ತಿ: ವಿಧಾನಸೌಧದ ಮೂರನೇ ಮಹಡಿಯಿಂದ ಮುಂಬೈಯ ಹೋಟೆಲಿನವರೆಗೆ. ಮಿತಿ: ಕೊಟ್ಟು ವಾಪಸ್ ಪಡೆದವು, ಕೊಡುತ್ತೇನೆಂದು ಕೊಡದೆ ಹೋದವು, ಜೇಬಿನಲ್ಲೇ ಮಾಸಿಹೋದವು ಅಸಂಖ್ಯವಾದ್ದರಿಂದ ಅವನ್ನು ಎಣಿಸುವ ಗೋಜಿಗೆ ಹೋಗಿಲ್ಲ.

ಪ್ರಾಚೀನ ಹಿನ್ನೆಲೆಯಿಲ್ಲದ ಮಹಾಪ್ರಬಂಧ ಪರೀಕ್ಷಕರ ಕೈಯಲ್ಲಿ ಪಾರಾಗುವುದಿಲ್ಲ. ಆದ್ದರಿಂದ ಬಾಹುಬಲಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಭರತನನ್ನು ಸೋಲಿಸಿ, ಗೆದ್ದ ರಾಜ್ಯವನ್ನು ಗೆದ್ದಲ್ಲೇ ಬಿಟ್ಟು ನಡೆದವನು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಗಂಗರ ಮಂತ್ರಿ ಚಾವುಂಡರಾಯ ಅವನನ್ನು ಶ್ರವಣಬೆಳಗೊಳದ ಬೆಟ್ಟದ ಮೇಲೆ 58 ಅಡಿ ಎತ್ತರಕ್ಕೆ ನಿಲ್ಲಿಸಿದ. ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ ಬಂದಾಗ ಅಧಿಕಾರಸ್ಥರು ಭಕ್ತಿಯಿಂದ ಬೆಟ್ಟ ಹತ್ತುತ್ತಾರೆ, ತ್ಯಾಗದ ಬಗ್ಗೆ ನಾಲ್ಕು ಮಾತಾಡುತ್ತಾರೆ, ಇಳಿದು ಬಂದು ಕಾರು ಹತ್ತುತ್ತಾರೆ. ಆದರೆ ಈ ದತ್ತಾಂಶ ಪ್ರಸ್ತುತ ಅಧ್ಯಯನಕ್ಕೆ ಒದಗುವುದಿಲ್ಲ. ರಾಜ್ಯ ಬಿಟ್ಟ ಮೇಲೆ ಬಾಹುಬಲಿ ಉಪಚುನಾವಣೆಗೆ ನಿಲ್ಲಲಿಲ್ಲ.

ಇನ್ನು ವರ್ಗೀಕರಣ. ಪೂರ್ವಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯವೆಂದು ವಿಂಗಡಿಸಿ, ಪಕ್ಕದಲ್ಲಿ ಪ್ರಾಯಶ್ಚಿತ್ತವನ್ನೂ ಇಟ್ಟಿದ್ದಾರೆ. ರಾಜೀನಾಮೆಗೆ ಇದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ನಿತ್ಯಕರ್ಮಕ್ಕೆ ವಿಶೇಷ ಫಲವಿಲ್ಲ, ಮಾಡದಿದ್ದರೆ ಮಾತ್ರ ಪ್ರತ್ಯವಾಯ, ಅಂದರೆ ದೋಷ. ಆರೋಪ ಸಾಬೀತಾದರೆ ರಾಜಕೀಯ ನಿವೃತ್ತಿ ಎಂದು ಬೆಳಗಿನ ತಿಂಡಿಗೆ ಮುಂಚೆ ಕ್ಯಾಮೆರಾಗಳ ಮುಂದೆ ಘೋಷಿಸುವುದು ಈ ಜಾತಿಯದು. ಘೋಷಿಸಿದವರು ಏನನ್ನೂ ಬಿಡುವುದಿಲ್ಲ. ಘೋಷಿಸದವರ ಹೆಸರು ಮರುದಿನದ ಪತ್ರಿಕೆಯಲ್ಲಿರುವುದಿಲ್ಲ.

ಪ್ರಾಯಶ್ಚಿತ್ತಕ್ಕೆ ಉದಾಹರಣೆ ಕೊಡಲು ಸಂಶೋಧಕರು ಕರ್ನಾಟಕದಿಂದ ಆಚೆಗೆ, 1956ಕ್ಕೆ ಹೋಗಬೇಕಾಯಿತು. ಮೆಹಬೂಬ್‌ನಗರದ ರೈಲು ದುರಂತವಾದಾಗ ರೈಲ್ವೆ ಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು; ನೆಹರೂ ಒಪ್ಪಲಿಲ್ಲ. ನವೆಂಬರಿನಲ್ಲಿ ಅರಿಯಲೂರಿನ ದುರಂತ. ಮತ್ತೆ ಕೊಟ್ಟರು, ಹೋದರು. ಸೇತುವೆ ಕೊಚ್ಚಿಹೋದದ್ದು ಮಂತ್ರಿಯ ಕೈವಾಡದಿಂದಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಂದಿನಿಂದ ಪ್ರತಿ ರೈಲು ಹಳಿ ತಪ್ಪಿದಾಗಲೂ ಈ ಉದಾಹರಣೆಯನ್ನು ವಿರೋಧ ಪಕ್ಷದವರು ತಪ್ಪದೆ ನೆನೆಯುತ್ತಾರೆ. ಆಳುವ ಪಕ್ಷಕ್ಕೆ ಬಂದೊಡನೆ ಮರೆವು ಕವಿಯುತ್ತದೆ.

ನಿಮಿತ್ತ ಒದಗಿದಾಗ ಮಾಡುವ ನೈಮಿತ್ತಿಕ ಶಾಖೆಯ ಪರಮಾಚಾರ್ಯರು ರಾಮಕೃಷ್ಣ ಹೆಗಡೆ. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ ಸಿಕ್ಕಿದ್ದು ನಾಲ್ಕು. ಜನ ತಮ್ಮ ಕೈಬಿಟ್ಟಿದ್ದಾರೆಂದು ಹೆಗಡೆ ಮುಖ್ಯಮಂತ್ರಿಗಿರಿ ಬಿಟ್ಟು ವಿಧಾನಸಭಾ ಚುನಾವಣೆಗೆ ಹೋದರು. ಕಾನೂನು ಅವರಿಗೆ ಹಾಗೆ ಮಾಡಿ ಅಂದಿರಲಿಲ್ಲ. 1985ರ ಮಾರ್ಚಿನಲ್ಲಿ 139 ಸ್ಥಾನ ಗೆದ್ದು ಮರಳಿದರು. ಇದನ್ನು ಚಾಣಾಕ್ಷತನವೆನ್ನಿ, ಜೂಜೆನ್ನಿ. ಸೋತರೆ ಮನೆಗೆ ಹೋಗುವ ಅಪಾಯವನ್ನು ಒಬ್ಬ ಮುಖ್ಯಮಂತ್ರಿ ತಾನಾಗಿ ಮೈಮೇಲೆ ಎಳೆದುಕೊಂಡಿದ್ದು ಅಂತೂ ನಿಜ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಛೀಮಾರಿ ಹಾಕಿದಾಗ ಎರಡನೆಯ ರಾಜೀನಾಮೆ. ಅದು ಮೂರು ದಿನ ಬಾಳಿತು. ಮೂರನೆಯದು 1988ರಲ್ಲಿ, ಟೆಲಿಫೋನ್ ಕದ್ದಾಲಿಕೆಯ ಗದ್ದಲದಲ್ಲಿ. ಈ ಸಲ ವಾಪಸ್ ಬರಲಿಲ್ಲ. ಶಾಸ್ತ್ರದ ಪ್ರಕಾರ ಮೊದಲನೆಯದು ನಿರ್ಗಮನದ ಮೂಲಕ ಆಗಮನ, ಎರಡನೆಯದು ಆಗಮನಪೂರ್ವಕ ನಿರ್ಗಮನಾಭಾಸ, ಮೂರನೆಯದು ನಿರ್ಗಮನ.

ಸಂಖ್ಯೆಯಲ್ಲಿ ಅವರನ್ನು ಮೀರಿಸಿದವರು ಬಿ.ಎಸ್. ಯಡಿಯೂರಪ್ಪ: ಮುಖ್ಯಮಂತ್ರಿ ಪದಕ್ಕೆ 2007, 2011, 2018, 2021, ನಾಲ್ಕು ಬಾರಿ. ಜೆಡಿಎಸ್ ಕೈಕೊಟ್ಟಿದ್ದರಿಂದ ಒಂದು, ಗಣಿ ವಿಷಯದ ಲೋಕಾಯುಕ್ತ ವರದಿಯಿಂದ ಒಂದು, ಬಹುಮತವಿಲ್ಲದ್ದರಿಂದ ಒಂದು. ನಾಲ್ಕನೆಯದು ಸರ್ಕಾರಕ್ಕೆ ಎರಡು ವರ್ಷ ತುಂಬಿದ ಸಮಾರಂಭದಲ್ಲೇ. ಗದ್ಗದಿತರಾಗಿ, ಊಟ ಮುಗಿಸಿಕೊಂಡು ರಾಜಭವನಕ್ಕೆ ಹೋಗುವುದಾಗಿ ಹೇಳಿದರು. ಬಿಡಿಸಿದ್ದನ್ನು ಬಿಟ್ಟದ್ದು ಎನ್ನಬಹುದೇ ಎಂಬ ಸಮಸ್ಯೆ ಇಲ್ಲಿ ಏಳುತ್ತದೆ. ಮೀಮಾಂಸಕರಿಗೆ ಹೈಕಮಾಂಡ್ ಇರಲಿಲ್ಲವಾದ್ದರಿಂದ ಅವರ ಗ್ರಂಥಗಳಲ್ಲಿ ಇದಕ್ಕೆ ಪರಿಹಾರ ಸಿಗದು.

ಫಲ ಬಯಸಿ ಕೊಡುವ ಕಾಮ್ಯ ರಾಜೀನಾಮೆಯ ಅತ್ಯುನ್ನತ ಮಾದರಿ 2019ರ ಜುಲೈನದು. ಆಳುತ್ತಿದ್ದ ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಒಂದು ಡಜನ್‌ಗೂ ಹೆಚ್ಚು ಶಾಸಕರು ಸ್ಥಾನ ತೊರೆಯುವ ಪತ್ರ ಬರೆದರು, ಹಲವರು ಮುಂಬೈ ಸೇರಿದರು. ರಾಜೀನಾಮೆ ಸ್ವಇಚ್ಛೆಯದೂ ನೈಜವೂ ಹೌದೇ ಎಂದು ಸಭಾಧ್ಯಕ್ಷರು ನೋಡಬೇಕೆಂದು ಸಂವಿಧಾನದ 190ನೇ ವಿಧಿಗೆ 1974ರಲ್ಲೇ ಸೇರಿಸಲಾಗಿದೆ. ಅದಕ್ಕೂ ಮುಂಚೆ ಇನ್ನೊಂದು ತೊಡಕು: ಬಂದ 13 ಪತ್ರಗಳಲ್ಲಿ ಎಂಟು ನಿಗದಿತ ನಮೂನೆಯಲ್ಲೇ ಇಲ್ಲವೆಂದು ಸಭಾಧ್ಯಕ್ಷರು ಹೇಳಿದರು. ವೈರಾಗ್ಯಕ್ಕೂ ನಮೂನೆಯುಂಟು ಎಂಬುದನ್ನು ಸಂಶೋಧಕರು ದಪ್ಪಕ್ಷರದಲ್ಲಿ ಗುರುತು ಹಾಕಿಕೊಂಡರು. ಜುಲೈ 23ರಂದು 99ಕ್ಕೆ 105ರಂತೆ ಸರ್ಕಾರ ಬಿತ್ತು. 17 ಮಂದಿ ಅನರ್ಹರಾದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಬಾರದೆಂಬ ಅಡ್ಡಿಯನ್ನು ತೆಗೆಯಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಲ್ಲಿ ಮತದಾನ, 12ರಲ್ಲಿ ಬಿಜೆಪಿ. 2020ರ ಫೆಬ್ರುವರಿ 6ರಂದು ಹತ್ತು ಮಂದಿ ಮಂತ್ರಿಗಳಾಗಿ ಪ್ರಮಾಣವಚನ ತೆಗೆದುಕೊಂಡರು. ಈ ಇಡೀ ವ್ಯವಹಾರಕ್ಕೆ ವೇದಿಕೆಗಳ ಮೇಲೆ ಬಳಕೆಯಾದ ಪಾರಿಭಾಷಿಕ ಪದ ‘ತ್ಯಾಗ’.

ವರ್ಗೀಕರಣವನ್ನು ಇಲ್ಲಿಗೆ ಕೈಬಿಡುವುದು ಒಳ್ಳೆಯದು.

ಏಕೆಂದರೆ 2019ರ ಆಗಸ್ಟ್ ಮೊದಲ ವಾರದಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಒಟ್ಟಿಗೆ ಉಕ್ಕಿದವು. ಬೆಳಗಾವಿ, ಬಾಗಲಕೋಟೆಯ ಊರೂರೇ ನೀರಿನಲ್ಲಿ ನಿಂತವು, ಕೊಡಗಿನಲ್ಲಿ ಗುಡ್ಡ ಕುಸಿಯಿತು, ರಾಜ್ಯದಲ್ಲಿ 80ಕ್ಕೂ ಹೆಚ್ಚು ಜನ ಸತ್ತರು. ಆಗ ಕರ್ನಾಟಕದಲ್ಲಿ ಕಂದಾಯ ಮಂತ್ರಿ ಇರಲಿಲ್ಲ, ಜಲಸಂಪನ್ಮೂಲ ಮಂತ್ರಿ ಇರಲಿಲ್ಲ, ಯಾವ ಜಿಲ್ಲೆಗೂ ಉಸ್ತುವಾರಿ ಮಂತ್ರಿ ಇರಲಿಲ್ಲ. ಜುಲೈ 26ರಿಂದ ಆಗಸ್ಟ್ 20ರವರೆಗೆ ಇಡೀ ಮಂತ್ರಿಮಂಡಲ ಅಂದರೆ ಮುಖ್ಯಮಂತ್ರಿ ಯಡಿಯೂರಪ್ಪ ಒಬ್ಬರೇ. ಇಳಿವಯಸ್ಸಿನಲ್ಲಿ ಅವರು ನೀರಲ್ಲಿ, ಕೆಸರಲ್ಲಿ ಓಡಾಡಿದ್ದನ್ನು ಅಲ್ಲಗಳೆಯಬಾರದು. ಆದರೆ ಮುಳುಗಿದ ಮನೆಯ ಮಾಳಿಗೆ ಮೇಲೆ ಕೂತವರು ಯಾರನ್ನು ಕೂಗಬೇಕಿತ್ತು? ಹೋದ ಸರ್ಕಾರ ಹೋಗಿತ್ತು, ಬಂದದ್ದು ಇನ್ನೂ ಪೂರ್ತಿ ಬಂದಿರಲಿಲ್ಲ. ಕೊನೆಗೆ 17 ಮಂತ್ರಿಗಳು ಬಂದಾಗಲೂ ಉಳಿದ ಕುರ್ಚಿಗಳು ಖಾಲಿ. ತ್ಯಾಗಿಗಳಿಗೆ ಸೀಟು ಹಿಡಿದಿಟ್ಟಿದ್ದರು, ಬಸ್ಸಿನಲ್ಲಿ ಟವೆಲ್ ಹಾಕಿಡುವಂತೆ.

ಮಸ್ಕಿಯ ಕಥೆ ಇನ್ನೂ ದೊಡ್ಡದು. ರಾಯಚೂರು ಜಿಲ್ಲೆಯ ಈ ಮೀಸಲು ಕ್ಷೇತ್ರದಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲ ಗೆದ್ದದ್ದು 213 ಮತಗಳಿಂದ, ಸೋತವರು ಬಿಜೆಪಿಯ ಬಸನಗೌಡ ತುರ್ವಿಹಾಳ. 2019ರ ಅನರ್ಹರ ಪಟ್ಟಿಯಲ್ಲಿ ಪಾಟೀಲರೂ ಇದ್ದರು. 2018ರ ಫಲಿತಾಂಶದ ಮೇಲೆ ತಕರಾರು ಅರ್ಜಿ ಹೈಕೋರ್ಟಿನಲ್ಲಿ ಬಾಕಿಯಿದ್ದುದರಿಂದ ಉಪಚುನಾವಣೆ ಆಗ ನಡೆಯಲಿಲ್ಲ. ಅದು ನಡೆದದ್ದು 2021ರ ಏಪ್ರಿಲ್ 17ರಂದು. ಹೆಚ್ಚುಕಡಿಮೆ ಎರಡು ವರ್ಷ ಆ ಕ್ಷೇತ್ರಕ್ಕೆ ಶಾಸಕರಿಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಇದು ಅಂಕಿಅಂಶ. ಊರಲ್ಲಿ ಶಾಸಕನೆಂದರೆ ಬಗರ್ ಹುಕುಂ ಸಮಿತಿಯ ಅಧ್ಯಕ್ಷ. ಮೂವತ್ತು ವರ್ಷ ಉತ್ತ ನೆಲಕ್ಕೆ ಪಟ್ಟಾ ಬೇಕೆಂದು ಅರ್ಜಿ ಹಿಡಿದು ನಿಂತ ಮುದುಕ ಹೋಗುವುದು ಅವನ ಬಳಿಗೆ. ಶಾಲೆಯ ಕೋಣೆಗೋ ಹೊಲದ ದಾರಿಗೋ ಶಾಸಕರ ನಿಧಿಯಿಂದ ದುಡ್ಡು ಕೇಳಬೇಕಾದವರೂ ಅಲ್ಲಿಗೇ. 5ಎ ಕಾಲುವೆ ಬೇಕೆಂದು ರೈತರು ಧರಣಿ ಕೂತಾಗ, ಸದನದಲ್ಲಿ ಎದ್ದು ನಿಂತು ಅದನ್ನು ಹೇಳಬೇಕಾದ ಜಾಗ ಖಾಲಿ. ಯಾವ ನಮೂನೆಯಲ್ಲೂ ಇದಕ್ಕೊಂದು ಕಾಲಂ ಇಲ್ಲ.

ಕೊರೊನಾದ ಎರಡನೇ ಅಲೆ ಏರುತ್ತಿದ್ದಾಗ ಮಸ್ಕಿಯ ಜನ ಮಾಸ್ಕ್ ಕಟ್ಟಿಕೊಂಡು ಸಾಲು ನಿಂತರು, 2018ರಲ್ಲೇ ಮಾಡಿ ಮುಗಿಸಿದ್ದ ಕೆಲಸವನ್ನು ಇನ್ನೊಮ್ಮೆ ಮಾಡುವುದಕ್ಕೆ. ಮತಯಂತ್ರದಲ್ಲಿ ಅದೇ ಇಬ್ಬರ ಹೆಸರು, ಚಿಹ್ನೆಗಳು ಮಾತ್ರ ಅದಲುಬದಲು: ಪಾಟೀಲರು ಈಗ ಬಿಜೆಪಿ, ತುರ್ವಿಹಾಳರು ಕಾಂಗ್ರೆಸ್. ಹಿಂದೆ 213 ಮತಗಳಿಂದ ಗೆದ್ದಿದ್ದವರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಇದು ನಿತ್ಯವೋ ನೈಮಿತ್ತಿಕವೋ ಕಾಮ್ಯವೋ ಎಂದು ಅಲ್ಲಿ ಯಾರೂ ಮೀಮಾಂಸಕರನ್ನು ಕೇಳಲಿಲ್ಲ.