ಬಣ್ಣ ಕಟ್ಟಿದ ನೂಲು ಬೇಗ ಒಣಗಿಸುವ ಕೈಪಿಡಿ: ಹುಳಿಯಾರು ಆವೃತ್ತಿ

ಯಾರಿಗಾಗಿ

ತೆಂಗಿನ ಸೀಮೆಯವರಿಗಾಗಿ. ಕಾಯಿಯನ್ನು ಅಟ್ಟಕ್ಕೆ ಏರಿಸಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಗಡಗಡ ಎನ್ನುವವರೆಗೆ 10–12 ತಿಂಗಳು ತಾಳ್ಮೆಯಿಂದ ಕಾಯುವ ಜನ ಇವರು. ಆದರೆ ಬೆಳಿಗ್ಗೆ ಅದ್ದಿದ ನೂಲು ಮಧ್ಯಾಹ್ನಕ್ಕೆ ಒಣಗಲಿಲ್ಲವೆಂದು ಗಳಿಗೆಗೊಮ್ಮೆ ಹೋಗಿ ಮುಟ್ಟುತ್ತಾರೆ.

ಬೇಕಾಗುವ ಸಾಮಗ್ರಿ

ಪಟಿಕ ಹಾಕಿ, ಕಾಯಿಮಟ್ಟೆ ಕುದಿಸಿದ ನೀರಿನಲ್ಲಿ ಅದ್ದಿ ತೆಗೆದ ಉಣ್ಣೆ ನೂಲಿನ ಲಡಿಗಳು. ಮಟ್ಟೆಯ ಬಣ್ಣ ನಿಲ್ಲುತ್ತದೆಯೇ ಎಂದು ಅನುಮಾನಿಸುವವರು, ಎಳನೀರು ಕುಡಿಯುವಾಗ ಕಲೆ ಮಾಡಿಕೊಂಡ ಬಿಳಿ ಅಂಗಿಯನ್ನು ಒಮ್ಮೆ ನೋಡಿಕೊಳ್ಳಿ. ಒಂದು ದಪ್ಪ ಟವೆಲ್, ಬಿದಿರಿನ ಗಳ, ಫ್ಯಾನು. ಕರೆಂಟು, ಬಂದಾಗ.

ವಿಧಾನ

1. ತಿರುಚಬೇಡಿ, ಒತ್ತಿ. ಲಡಿಯನ್ನು ಟವೆಲಿನೊಳಗೆ ಸುರುಳಿ ಸುತ್ತಿ ಅದರ ಮೇಲೆ ನಿಲ್ಲಿ. ಮನೆಯಲ್ಲಿ ಕೆಲಸವಿಲ್ಲದೆ ಕೂತವರಿದ್ದರೆ ಅವರನ್ನೇ ನಿಲ್ಲಿಸಿ. ಈ ಹುದ್ದೆಗೆ ತೂಕವೊಂದೇ ಅರ್ಹತೆ.

2. ವಾಷಿಂಗ್ ಮೆಷಿನ್ ಇದ್ದರೆ ಲಡಿಯನ್ನು ಬಟ್ಟೆಚೀಲದಲ್ಲಿ ಕಟ್ಟಿ ಸ್ಪಿನ್ ಮಾತ್ರ ಒತ್ತಿ. ಮರೆತು ವಾಶ್ ಒತ್ತಿದರೆ ಉಣ್ಣೆ ಕುಲುಕಾಟಕ್ಕೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಮಗ್ಗವಿಲ್ಲದೆ ಕಂಬಳಿಯ ತುಂಡು ಸಿದ್ಧ.

3. ನೆರಳಿನಲ್ಲಿ, ಲಡಿಗಳ ನಡುವೆ ಜಾಗ ಬಿಟ್ಟು ತೂಗುಹಾಕಿ. ನೂಲಿನ ಸುತ್ತ ನಿಂತ ತೇವದ ಗಾಳಿ ಸರಿದು ಒಣಗಾಳಿ ಬಂದರೆ ಕೆಲಸ ಅರ್ಧ ಆದಂತೆ. ಬಿಸಿಲು ಬೇಗ ಒಣಗಿಸುತ್ತದೆ ನಿಜ, ಅರಿಸಿನದಲ್ಲಿ ಅದ್ದಿದ್ದರೆ ಆ ಹಳದಿಯನ್ನೂ ಅಷ್ಟೇ ಬೇಗ ತಿಂದುಹಾಕುತ್ತದೆ. ತೋಟದ ನೆರಳು ಆಗಬಹುದು, ಮೇಲೆ ನೋಡಿ ಗಳ ಕಟ್ಟಿ; ಬೀಳುವ ಕಾಯಿ ಕೈಪಿಡಿ ಓದುವುದಿಲ್ಲ. ಆಷಾಢದ ಗಾಳಿಯಲ್ಲಿ ಫ್ಯಾನು ಬೇಡ. ಲಡಿಯನ್ನು ಗಳಕ್ಕೆ ಬಿಗಿದು ಕಟ್ಟಿ, ಇಲ್ಲವಾದರೆ ಅದು ಹಾರಿಹೋಗಿ ಬುಕ್ಕಾಪಟ್ಟಣದಲ್ಲಿ ಒಣಗುತ್ತದೆ.

4. ಆಗಾಗ ತಿರುವಿ ಹಾಕಿ. ನೀರಿನ ಜೊತೆ ಅಂಟದೆ ಉಳಿದ ಬಣ್ಣವೂ ಕೆಳತುದಿಗೆ ಇಳಿಯುತ್ತದೆ. ತಿರುವಲು ಮರೆತವರು ಅದನ್ನು ಡಿಸೈನ್ ಎಂದು ಹೇಳಿಕೊಳ್ಳಬಹುದು.

ಎಚ್ಚರಿಕೆ

ಬೈಂಡಿಂಗ್ ತಂತಿಯ ಮೇಲೆ ಹಾಕಬೇಡಿ. ಮಟ್ಟೆಯ ಚೊಗರಿಗೆ ಕಬ್ಬಿಣದ ತುಕ್ಕು ತಾಗಿದರೆ ಕಪ್ಪು. ಬಣ್ಣಗಾರರು ಕಪ್ಪು ಬೇಕೆಂದೇ ಕಬ್ಬಿಣ ಬೆರೆಸುತ್ತಾರೆ; ನಿಮಗೆ ಕೇಳದೆ, ಪುಕ್ಕಟೆ, ಗೆರೆಗೆರೆಯಾಗಿ ಸಿಗುತ್ತದೆ. ಹೊಸ ನಾರಿನ ಹಗ್ಗವೂ ಬೇಡ, ಒದ್ದೆ ಸೋಕಿದರೆ ಅದೂ ತನ್ನ ಕಂದು ಬಿಡುತ್ತದೆ. ಕೊಬ್ಬರಿ ಅಟ್ಟ ಬೆಚ್ಚಗಿದೆಯೆಂದು ಆಸೆಪಡಬೇಡಿ. ಕೆಳಗೆ ಹೊಗೆ ಹಾಕಿದ್ದರೆ ಆ ವಾಸನೆ ನೂಲು ಬಟ್ಟೆಯಾದ ಮೇಲೂ ಬಿಡುವುದಿಲ್ಲ.

ದೋಷ ಮತ್ತು ಪರಿಹಾರ

ದೋಷ: ಮುಟ್ಟಿದರೆ ಒಣಗಿದೆ, ಸುತ್ತಿಟ್ಟರೆ ಮುಗ್ಗಲು ವಾಸನೆ. ಕಾರಣ: ಉಣ್ಣೆ ತನ್ನ ತೂಕದ ಶೇಕಡ 30ರಷ್ಟು ನೀರು ಹೀರಿಕೊಂಡೂ ಒದ್ದೆ ಎನ್ನಿಸದು. ಪರಿಹಾರ: ತಕ್ಕಡಿ. ಒಂದೆರಡು ಗಂಟೆ ಬಿಟ್ಟು ಮತ್ತೆ ತೂಗಿದಾಗಲೂ ತೂಕ ಇಳಿಯದಿದ್ದರೆ ಒಣಗಿದೆ. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕಿದವರಿಗೆ ತೇವದ ತೂಕದ ಲೆಕ್ಕ ಹೇಳಿಕೊಡಬೇಕಿಲ್ಲ.

ದೋಷ: ಮೋಡ. ಪರಿಹಾರ: ಇಲ್ಲ. ಕಂಬಳಿ ನೇಯುವವರು ಹಾಸುನೂಲಿಗೆ ಹುಣಸೆಬೀಜದ ಗಂಜಿ ಸವರುವ ಮೊದಲು ಆಕಾಶ ನೋಡುತ್ತಾರೆ. ನೀವೂ ನೋಡಿಯೇ ಬಣ್ಣದ ಒಲೆ ಹಚ್ಚಿ.

ಖಾತರಿ

ಒತ್ತಿ ತೆಗೆದ ನೀರಿಗೆ ಬಿಸಿಲೂ ಬೇಡ, ಗಾಳಿಯೂ ಬೇಡ, ಕರೆಂಟೂ ಬೇಡ. ಒಂದನೇ ಹಂತ ಹಾರಿಸಿ ಫ್ಯಾನು ಹಾಕಿದವರಿಗೆ ಖಾತರಿ ಇಲ್ಲ. ಕರೆಂಟ್ ಬಿಲ್ ಮಾತ್ರ ತಪ್ಪದೆ ಬರುತ್ತದೆ.