ವಾರದ ಬ್ಲಾಗರ್

ಶಾಲೆಯ ಆ್ಯಪಿನಲ್ಲಿ ಸುತ್ತೋಲೆ ಬಂತು. ಐದನೇ ಇಯತ್ತೆಯ ಮಕ್ಕಳೆಲ್ಲ ವಾರಕ್ಕೊಂದು ಬ್ಲಾಗ್ ಬರೆಯಬೇಕು. ಸ್ವತಂತ್ರ ಚಿಂತನೆ ಬೆಳೆಯುತ್ತದಂತೆ. ಕೆಳಗೆ ಇನ್ನೊಂದು ಸಾಲು: ಮಕ್ಕಳನ್ನು ಮೊಬೈಲಿನಿಂದ ದೂರ ಇಡಿ.

ಬ್ಲಾಗರ್ ಹುಟ್ಟಿದ್ದು 1999ರಲ್ಲಿ. ಗೂಗಲ್ ಅದನ್ನು ಕೊಂಡದ್ದು 2003ರಲ್ಲಿ. ಬರೆಯುವವರು ಫೇಸ್‌ಬುಕ್ಕಿಗೆ, ಅಲ್ಲಿಂದ ರೀಲ್ಸಿಗೆ ಹೋದಮೇಲೆ ಪುಣೆ ಬಳಿಯ ನಿಗಡಿಯ ನಮ್ಮ ಶಾಲೆಗೆ ಅದು ಹೊಸದಾಗಿ ಕಂಡಿದೆ. ಇರಲಿ. ಶಾಲೆಯಿಂದ ಎಲ್ಲವೂ ತಡವಾಗಿಯೇ ಬರುತ್ತದೆ, ಫೀ ಕಟ್ಟಿ ಎಂಬ ಮೆಸೇಜ್ ಒಂದನ್ನು ಬಿಟ್ಟು.

ಖಾತೆ ತೆರೆಯಲು ಕೂತೆವು. ಹುಟ್ಟಿದ ಇಸವಿ ಹಾಕಿದ ಕೂಡಲೇ ಗೂಗಲ್ ತಕರಾರು ತೆಗೆಯಿತು. ಸ್ವಂತ ಖಾತೆ ನಡೆಸಲು 13 ತುಂಬಿರಬೇಕು. ಮಗಳಿಗೆ 10. ಮಿಸ್ಸಿಗೆ ಫೋನ್ ಮಾಡಿದೆ. "ಇಸವಿ ಬದಲಿಸಿ ಸರ್, ಎಲ್ಲ ಪೇರೆಂಟ್ಸೂ ಹಾಗೇ ಮಾಡಿದಾರೆ" ಅಂದರು. ಬದಲಿಸಿದೆ. ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಕಲಿಕೆ ಶುರುವಾಯಿತು.

18 ತುಂಬದವರ ಮಾಹಿತಿ ಮುಟ್ಟಲು ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಮ್ಮ ಒಪ್ಪಿಗೆ ಅಡ್ಮಿಶನ್ ದಿನವೇ ಆಗಿದೆ. ಬಸ್ಸು, ಬೂಟು, ಈಜುಕೊಳ, ಎಲ್ಲಕ್ಕೂ ಸೇರಿ ಒಂದೇ ಸಹಿ. ಈಗ ಅವಳ ಫೋಟೋ, ತರಗತಿ, ಸೆಕ್ಷನ್ ಎಲ್ಲ ಪುಟದ ನೆತ್ತಿಯ ಮೇಲಿವೆ. ಗೇಟಿನಲ್ಲಿ ಮಾತ್ರ ಕಾರ್ಡಿಲ್ಲದೆ ಹೆತ್ತಪ್ಪನನ್ನೂ ಒಳಗೆ ಬಿಡುವುದಿಲ್ಲ. ಭದ್ರತೆ.

ಮೊದಲ ವಿಷಯ 'ನನ್ನ ಪ್ರವಾಸ'. ಮಗಳು ಅಜ್ಜಿಯ ಜೊತೆ ಇಂದ್ರಾಯಣಿ ದಂಡೆಯ ಆಳಂದಿಗೆ ಹೋಗಿದ್ದಳು. ತನ್ನ ಹರುಕು ಇಂಗ್ಲಿಷಿನಲ್ಲಿ ಬರೆದಳು: ನದಿಯ ಮೇಲೆ ಬಿಳಿ ನೊರೆ ಇತ್ತು. ನಾನು ಹಿಮ ಅಂದುಕೊಂಡೆ. ಹತ್ತಿರ ಹೋದರೆ ನಾತ. ಅಜ್ಜಿ ಟವೆಲ್ಲನ್ನು ಒಣಗಿದ್ದಂತೆಯೇ ವಾಪಸ್ ತಂದಳು.

ನಾಲ್ಕು ಸಾಲು. ಆ ಟವೆಲ್ಲು ನನಗೆ ಹೊಳೆಯುತ್ತಿರಲಿಲ್ಲ.

ಮಿಸ್ ಸೂಚನೆ ಕೊಟ್ಟರು: ಪಾಸಿಟಿವ್ ಆಗಿರಲಿ. 150 ಪದ ಇರಲಿ. ಟ್ರಸ್ಟಿಗಳು ಓದುತ್ತಾರೆ.

"ಅಪ್ಪಾ, ಮಿಸ್ ನಾ ಬರೆದದ್ದನ್ನ ತಗದ್ರು."

2012ರಲ್ಲಿ ಸ್ಕಾಟ್ಲೆಂಡಿನ ಮಾರ್ಥಾ ಪೇನ್ ಎಂಬ ಒಂಬತ್ತರ ಹುಡುಗಿ ಶಾಲೆಯ ಊಟದ ತಟ್ಟೆಯ ಫೋಟೋ ಹಾಕಿ ಬ್ಲಾಗ್ ಬರೆಯುತ್ತಿದ್ದಳು. 'ನೆವರ್‌ಸೆಕೆಂಡ್ಸ್' ಅದರ ಹೆಸರು. ಊಟಕ್ಕೆ ಅಂಕ ಕೊಡುತ್ತಿದ್ದಳು, ಕೂದಲು ಸಿಕ್ಕಿತೇ ಎಂಬ ಲೆಕ್ಕವನ್ನೂ ಇಡುತ್ತಿದ್ದಳು. ಅಲ್ಲಿನ ಕೌನ್ಸಿಲ್ ಫೋಟೋ ತೆಗೆಯಬೇಡ ಎಂದಿತು. ಜಗತ್ತು ಉಗಿಯಿತು. ಕೌನ್ಸಿಲ್ ತನ್ನ ಆದೇಶ ತಾನೇ ನುಂಗಿತು. ನಮ್ಮಲ್ಲಿ ನಿಷೇಧದ ರಗಳೆಯೇ ಇಲ್ಲ. ಪಾಸ್‌ವರ್ಡ್ ಮಿಸ್ ಹತ್ತಿರ ಇದೆ.

ಇಂಡಿ ತಾಲ್ಲೂಕಿನ ನನ್ನ ಕನ್ನಡ ಸಾಲೆಯಲ್ಲಿ ಗೋಡೆ ಪತ್ರಿಕೆ ಇತ್ತು. ಒಂದು ಡ್ರಾಯಿಂಗ್ ಹಾಳೆ, ಮೈದಾ ಅಂಟು. ಬಾವಿಗೆ ಹಗ್ಗವಿಲ್ಲ ಎಂದು ಒಬ್ಬ ಬರೆದ. ಹೆಡ್‌ಮಾಸ್ತರರು ಅವನಿಗೆ ಎರಡು ಬಿಗಿದರು. ಮರುದಿನ ಹಗ್ಗ ತಂದರು. ಓದಿದ್ದರಲ್ಲ!

ಇಲ್ಲಿ ನಿಗಡಿಯ ಭಕ್ತಿ-ಶಕ್ತಿ ಚೌಕದಲ್ಲಿ ತುಕಾರಾಮರು ಶಿವಾಜಿ ಮಹಾರಾಜರ ಎದುರು ನಿಂತಿದ್ದಾರೆ. ಶಾಲೆ ಮಕ್ಕಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತದೆ. ನಿನಗೆ ಬರೆಯುವ ಅಧಿಕಾರವಿಲ್ಲ ಎಂದು ಆ ತುಕಾರಾಮರ ಅಭಂಗಗಳನ್ನು ಇದೇ ಇಂದ್ರಾಯಣಿಗೆ ಹಾಕಿಸಿದ್ದರಂತೆ. ಹದಿಮೂರು ದಿನಕ್ಕೆ ತೇಲಿ ಬಂದವು ಎನ್ನುತ್ತಾರೆ ಅವರ ಊರಾದ ದೇಹುವಿನ ಜನ. ಬಂದಿರಬಹುದು. ಆಗ ನದಿಯಲ್ಲಿ ನೀರಿತ್ತು.

ಮಗಳ ಸಾಲು ತೇಲಲಿಲ್ಲ. ನನ್ನ ಹೆಂಡತಿ ಚಾಟ್‌ಜಿಪಿಟಿಗೆ ಹೇಳಿದಳು. ಚಹಾ ಕುದಿಯುವುದರೊಳಗೆ 150 ಪದ ಬಂತು. ಪಾವನ, ಪ್ರಶಾಂತ, ಸ್ಫಟಿಕದಂಥ ಜಲ. ಮಕ್ಕಳ ಸ್ವತಂತ್ರ ಚಿಂತನೆಗೆ ಅಮ್ಮಂದಿರ ರಾತ್ರಿ ಹತ್ತರ ಮೇಲಿನ ಹೊತ್ತು ಮೀಸಲು.

ಶನಿವಾರ ಪ್ರಮಾಣಪತ್ರ ಬಂತು, ಲ್ಯಾಮಿನೇಶನ್ ಮಾಡಿದ್ದು: 'ವಾರದ ಬ್ಲಾಗರ್'. ಮಗಳು ಬ್ಲಾಗನ್ನು ಅಜ್ಜಿಗೆ ಓದಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಅಜ್ಜಿ ಸ್ಫಟಿಕದಂಥ ಜಲದಲ್ಲಿ ಮಿಂದು ಧನ್ಯಳಾದಳು ಎಂಬಲ್ಲಿಗೆ ಮುದುಕಿ ತಡೆದಳು.

"ನಾ ಯಾವಾಗ ಜಳಕಾ ಮಾಡಿನವಾ?"

"ಬ್ಲಾಗಿನ್ಯಾಗ, ಅಜ್ಜಿ."